ಕ್ಯಾನ್ಸರ್ ಕೋಶದ ಸಕ್ಕರೆ ಲೆಕ್ಕ: ಒಂದು ಅಳತೆಯ ನೂರು ವರ್ಷ

ಹಾಲಿಗೆ ಹೆಪ್ಪು ಹಾಕಿ ಮುಚ್ಚಿಟ್ಟರೆ ಬೆಳಗಾಗುವುದರೊಳಗೆ ಮೊಸರಾಗಿರುತ್ತದೆ. ಹಾಲಿನೊಳಗಿನ ಸಕ್ಕರೆಯನ್ನು ಬ್ಯಾಕ್ಟೀರಿಯಾಗಳು ಲ್ಯಾಕ್ಟಿಕ್ ಆಮ್ಲವಾಗಿ ಒಡೆಯುತ್ತವೆ. ಮೊಸರಿನ ಹುಳಿ ಎಂದರೆ ಆ ಆಮ್ಲದ ರುಚಿ. ಈ ಕೆಲಸಕ್ಕೆ ಆಮ್ಲಜನಕ ಬೇಕಿಲ್ಲ. ನಮ್ಮ ಮೈಯ ಸ್ನಾಯುಗಳೂ ಅಗತ್ಯ ಬಿದ್ದಾಗ ಇದೇ ದಾರಿ ಹಿಡಿಯುತ್ತವೆ. ಹೊರಟ ಬಸ್ಸನ್ನು ಹಿಡಿಯಲು ಓಡುವಾಗ ಕಾಲಿನ ಸ್ನಾಯುಗಳಿಗೆ ರಕ್ತ ತರುವ ಆಮ್ಲಜನಕ ಸಾಲುವುದಿಲ್ಲ. ಆಗ ಅವು ಸಕ್ಕರೆಯನ್ನು ಅರ್ಧ ದಾರಿಯವರೆಗೆ ಮಾತ್ರ ಒಡೆದು, ಲ್ಯಾಕ್ಟಿಕ್ ಆಮ್ಲ ಮಾಡಿ, ಆ ಹೊತ್ತಿನ ಕೆಲಸ ಸಾಗಿಸಿಕೊಳ್ಳುತ್ತವೆ. ಸೀಟು ಸಿಕ್ಕಿ ಕೂತು ಸುಧಾರಿಸಿಕೊಂಡ ಮೇಲೆ ಮತ್ತೆ ಉಸಿರಾಟದ ದಾರಿಗೆ ಮರಳುತ್ತವೆ.

ಈ ಎರಡು ದಾರಿಗಳ ಸಂಬಂಧವನ್ನು ಮೊದಲು ಗಮನಿಸಿದವನು ಫ್ರಾನ್ಸಿನ ಲೂಯಿ ಪಾಶ್ಚರ್. ಗಾಳಿ ಇಲ್ಲದ ಕಡೆ ಯೀಸ್ಟ್ ಸಕ್ಕರೆಯನ್ನು ಹೇರಳವಾಗಿ ಹುದುಗಿಸುತ್ತದೆ, ಗಾಳಿ ಕೊಟ್ಟರೆ ಹುದುಗುವಿಕೆಯನ್ನು ತಗ್ಗಿಸಿ ಉಸಿರಾಡತೊಡಗುತ್ತದೆ ಎಂದು ಅವನು 1861ರಲ್ಲಿ ತೋರಿಸಿದ. ಅದು ಲಾಭದ ಲೆಕ್ಕವೂ ಹೌದು. ಇಂದಿನ ಲೆಕ್ಕದಲ್ಲಿ ಹೇಳುವುದಾದರೆ, ಒಂದು ಗ್ಲೂಕೋಸ್ ಅಣುವನ್ನು ಹುದುಗಿಸಿದರೆ ಕೋಶಕ್ಕೆ ಸಿಗುವ ನಿವ್ವಳ ಶಕ್ತಿಯ ನಾಣ್ಯಗಳು ಎರಡೇ ಎರಡು. ಆಮ್ಲಜನಕದ ಜೊತೆ ಪೂರ್ತಿ ಉರಿಸಿದರೆ ಮೂವತ್ತರ ಆಸುಪಾಸು. ಗಾಳಿ ಇದ್ದೂ ಹುದುಗಿಸುತ್ತ ಕೂರುವುದು ಶುದ್ಧ ದುಂದುಗಾರಿಕೆ.

1920ರ ದಶಕದ ಆರಂಭದಲ್ಲಿ, ಬರ್ಲಿನ್ನಿನ ಡಾಲೆಮ್ ಬಡಾವಣೆಯ ಒಂದು ಪ್ರಯೋಗಾಲಯದಲ್ಲಿ, ಅಂಥ ದುಂದುಗಾರ ಕೋಶಗಳು ಕಣ್ಣಿಗೆ ಬಿದ್ದವು. ಇಲಿಯ ಮೈಯಿಂದ ತೆಗೆದ ಕ್ಯಾನ್ಸರ್ ಗಡ್ಡೆಯ ಕೋಶಗಳವು. ಬೇಕಾದಷ್ಟು ಆಮ್ಲಜನಕ ಕೊಟ್ಟರೂ ಅವು ಸಕ್ಕರೆಯನ್ನು ಎಗ್ಗಿಲ್ಲದೆ ನುಂಗಿ ಲ್ಯಾಕ್ಟಿಕ್ ಆಮ್ಲವನ್ನು ಹೊರಗೆ ಸುರಿಯುತ್ತಿದ್ದವು. ಇದನ್ನು ಅಳೆದವರು ಓಟ್ಟೊ ವಾರ್ಬರ್ಗ್. ಆ ಅಳತೆ ಇವತ್ತಿಗೂ ನಿಂತಿದೆ. ಅದಕ್ಕೆ ಅವರು ಕೊಟ್ಟ ವಿವರಣೆ ನಿಲ್ಲಲಿಲ್ಲ. ಒಂದು ಸರಿಯಾದ ಅಳತೆ ಮತ್ತು ಒಂದು ತಪ್ಪಾದ ವಿವರಣೆ ಒಂದೇ ಹೆಸರಿನಡಿ ಜೊತೆಯಾಗಿ ಬದುಕಿದ ಕಥೆ ಇದು. ಹಳೆಯ ಜಗಳವೊಂದರ ದಾಖಲೆ ಮಾತ್ರವಾಗಿದ್ದರೆ ಇದನ್ನು ವಿಜ್ಞಾನದ ಇತಿಹಾಸ ಓದುವ ನನ್ನಂಥ ಸಂಶೋಧನಾ ವಿದ್ಯಾರ್ಥಿಗಳಿಗೆ ಬಿಡಬಹುದಿತ್ತು. ಆದರೆ ಆ ವಿವರಣೆ ಈಗಲೂ ನಮ್ಮ ಮನೆಗಳಲ್ಲಿ, ರೋಗಿಗಳ ಊಟದ ತಟ್ಟೆಯ ಪಕ್ಕದಲ್ಲಿ ಓಡಾಡುತ್ತಿದೆ.

*

ವಾರ್ಬರ್ಗ್ ಹುಟ್ಟಿದ್ದು 1883ರಲ್ಲಿ, ಜರ್ಮನಿಯ ಫ್ರೈಬರ್ಗ್‌ನಲ್ಲಿ. ತಂದೆ ಎಮಿಲ್ ವಾರ್ಬರ್ಗ್ ಹೆಸರಾಂತ ಭೌತವಿಜ್ಞಾನಿ, ಯಹೂದಿ ಮನೆತನದವರು. ತಾಯಿ ಪ್ರಾಟೆಸ್ಟೆಂಟ್ ಕ್ರೈಸ್ತರು. ಮಗ ಬರ್ಲಿನ್ನಿನಲ್ಲಿ ಎಮಿಲ್ ಫಿಷರ್ ಅವರ ಬಳಿ ರಸಾಯನಶಾಸ್ತ್ರ ಕಲಿತು 1906ರಲ್ಲಿ ಡಾಕ್ಟರೇಟ್ ಪಡೆದರು. ಆಮೇಲೆ ಹೈಡಲ್‌ಬರ್ಗ್‌ನಲ್ಲಿ ವೈದ್ಯಕೀಯವನ್ನೂ ಓದಿ 1911ರಲ್ಲಿ ಎರಡನೆಯ ಡಾಕ್ಟರೇಟ್ ಪಡೆದರು. ಭೌತವಿಜ್ಞಾನಿಯ ಮನೆಯಲ್ಲಿ ಬೆಳೆದದ್ದರಿಂದಲೋ ಏನೋ, ಜೀವಿಯ ಬಗ್ಗೆ ಏನೇ ಹೇಳುವುದಿದ್ದರೂ ಅದನ್ನು ಅಂಕಿಯಲ್ಲಿ ಹೇಳಬೇಕು ಎಂಬ ಹಟ ಅವರಿಗೆ ಚಿಕ್ಕಂದಿನಿಂದ ಅಂಟಿಕೊಂಡಿತ್ತು.

ವಿದ್ಯಾರ್ಥಿಯಾಗಿದ್ದಾಗಲೇ ಅವರು ಇಟಲಿಯ ನೇಪಲ್ಸ್‌ನ ಕಡಲ ಜೀವಿಗಳ ಸಂಶೋಧನಾ ಕೇಂದ್ರಕ್ಕೆ ಹೋಗಿ ಸೀ ಅರ್ಚಿನ್ ಎಂಬ, ಮೈತುಂಬ ಮುಳ್ಳಿರುವ ಪ್ರಾಣಿಯ ಮೊಟ್ಟೆಗಳ ಮೇಲೆ ಕೆಲಸ ಮಾಡಿದರು. ಸುಮ್ಮನಿದ್ದ ಮೊಟ್ಟೆ ಫಲಿತಗೊಂಡು ಒಡೆದು ಬೆಳೆಯಲು ಶುರುಮಾಡಿದಾಗ ಅದು ಸೇದುವ ಆಮ್ಲಜನಕ ಸುಮಾರು ಆರು ಪಟ್ಟು ಹೆಚ್ಚುತ್ತದೆ ಎಂದು 1908ರಲ್ಲಿ ಪ್ರಕಟಿಸಿದರು. ಬೆಳವಣಿಗೆಗೆ ಶಕ್ತಿ ಬೇಕು, ಶಕ್ತಿಗೆ ಉಸಿರು ಬೇಕು ಎಂಬುದು ಸಹಜವಾದ ತರ್ಕ. ಹಾಗಿದ್ದರೆ ಹಿಡಿತವಿಲ್ಲದೆ ಬೆಳೆಯುವ ಕ್ಯಾನ್ಸರ್ ಗಡ್ಡೆ ಇನ್ನೆಷ್ಟು ಉಸಿರಾಡಬೇಡ? ಈ ಪ್ರಶ್ನೆ ಅವರ ತಲೆಯಲ್ಲಿ ಉಳಿಯಿತು.

ನಡುವೆ ಮೊದಲನೆಯ ಮಹಾಯುದ್ಧ ಬಂತು. ವಾರ್ಬರ್ಗ್ ಅಶ್ವದಳಕ್ಕೆ ಸೇರಿ ರಣರಂಗಕ್ಕೆ ಹೋದರು, ಪದಕವನ್ನೂ ಪಡೆದರು. 1918ರಲ್ಲಿ ಅವರಿಗೆ ಐನ್‌ಸ್ಟೈನ್ ಅವರಿಂದ ಒಂದು ಪತ್ರ ಬಂತು. ಐನ್‌ಸ್ಟೈನ್ ಅವರ ತಂದೆಯ ಸ್ನೇಹಿತರು. ಯುದ್ಧದಲ್ಲಿ ನಿಮ್ಮ ಜಾಗವನ್ನು ಯಾರಾದರೂ ತುಂಬಬಹುದು, ವಿಜ್ಞಾನದಲ್ಲಿ ತುಂಬಲಾರರು, ಬದುಕಿರುವಾಗಲೇ ವಾಪಸು ಬನ್ನಿ ಎಂಬುದು ಆ ಪತ್ರದ ಸಾರ. ವಾರ್ಬರ್ಗ್ ಡಾಲೆಮ್‌ನ ಕೈಸರ್ ವಿಲ್‌ಹೆಲ್ಮ್ ಸಂಸ್ಥೆಯ ಪ್ರಯೋಗಾಲಯಕ್ಕೆ ಮರಳಿದರು.

ಅಲ್ಲಿ ಅವರು ತಮ್ಮ ಅಳತೆಯ ಉಪಕರಣವನ್ನು ಹದಗೊಳಿಸಿದರು. ಬೆಚ್ಚಗಿನ ನೀರಿನಲ್ಲಿ ಅಲುಗಾಡುತ್ತಿರುವ ಪುಟ್ಟ ಗಾಜಿನ ಪಾತ್ರೆ, ಅದಕ್ಕೆ ಜೋಡಿಸಿದ ಕೊಳವೆಯಲ್ಲಿ ಏರಿಳಿಯುವ ದ್ರವ. ಪಾತ್ರೆಯೊಳಗಿನ ಅಂಗಾಂಶ ಆಮ್ಲಜನಕ ಸೇದಿದರೆ ಒತ್ತಡ ಇಳಿಯುತ್ತದೆ, ದ್ರವದ ಮಟ್ಟ ಬದಲಾಗುತ್ತದೆ. ಆಮ್ಲ ಸುರಿದರೆ ದ್ರಾವಣದಲ್ಲಿರುವ ಬೈಕಾರ್ಬೊನೇಟ್‌ನಿಂದ ಇಂಗಾಲದ ಡೈಆಕ್ಸೈಡ್ ಹೊರಟು ಒತ್ತಡ ಏರುತ್ತದೆ. ಇನ್ನೊಂದು ಜಾಣ್ಮೆ ಎಂದರೆ ಅಂಗಾಂಶವನ್ನು ಕೊಯ್ದ ರೀತಿ. ಹಪ್ಪಳಕ್ಕಿಂತ ತೆಳ್ಳಗೆ, ಆಮ್ಲಜನಕ ಒಳಗಿನ ಕೋಶದವರೆಗೂ ತಲುಪುವಷ್ಟು ತೆಳ್ಳಗೆ ಹೋಳು ಮಾಡಿದರೆ ಕೋಶಗಳು ಕೆಲವು ಗಂಟೆ ಬದುಕಿದ್ದು ತಮ್ಮ ಕೆಲಸ ತಾವು ಮಾಡಿಕೊಂಡಿರುತ್ತವೆ.

ಇಲಿಯ ಗಡ್ಡೆಯ ಹೋಳನ್ನು ಹೀಗೆ ಅಳೆದಾಗ ನಿರೀಕ್ಷೆ ತಲೆಕೆಳಗಾಯಿತು. ಉಸಿರಾಟ ಹೆಚ್ಚಿರಲಿಲ್ಲ. ಹೆಚ್ಚಿದ್ದದ್ದು ಆಮ್ಲ. ಅದೂ ಆಮ್ಲಜನಕ ತುಂಬಿದ ಪಾತ್ರೆಯಲ್ಲೇ. ವಾರ್ಬರ್ಗ್ ತಮ್ಮ ಜೊತೆಗಾರರಾದ ಕಾರ್ಲ್ ಪೊಸೆನರ್ ಮತ್ತು ಎರ್ವಿನ್ ನೆಗೆಲೈನ್ ಅವರೊಡನೆ 1924ರಲ್ಲಿ ಇದನ್ನು ಪ್ರಕಟಿಸಿದರು. ಗಾಜಿನ ಪಾತ್ರೆಯಲ್ಲಿ ಕಂಡದ್ದು ಮೈಯೊಳಗೂ ನಿಜವೇ ಎಂಬ ಅನುಮಾನಕ್ಕೆ ಮರುವರ್ಷವೇ ಉತ್ತರ ಬಂತು. ಅಮೆರಿಕದಲ್ಲಿ ಕಾರ್ಲ್ ಕೋರಿ ಮತ್ತು ಗೆರ್ಟಿ ಕೋರಿ ದಂಪತಿ ಒಂದು ರೆಕ್ಕೆಯಲ್ಲಿ ಮಾತ್ರ ಗಡ್ಡೆಯಿದ್ದ ಕೋಳಿಯನ್ನು ಆರಿಸಿಕೊಂಡು, ಎರಡೂ ರೆಕ್ಕೆಗಳಿಂದ ಮರಳುವ ರಕ್ತವನ್ನು ಹೋಲಿಸಿದರು. ಗಡ್ಡೆಯ ಕಡೆಯಿಂದ ಬಂದ ರಕ್ತದಲ್ಲಿ ಗ್ಲೂಕೋಸ್ ಕಡಿಮೆ ಇತ್ತು, ಲ್ಯಾಕ್ಟಿಕ್ ಆಮ್ಲ ಹೆಚ್ಚಿತ್ತು. ಒಂದೇ ಕೋಳಿ, ಎರಡು ರೆಕ್ಕೆ, ಎರಡು ಲೆಕ್ಕ. ಜೀವರಸಾಯನದ ಇತಿಹಾಸದಲ್ಲಿ ಇಷ್ಟು ಸರಳವಾದ, ಇಷ್ಟು ಗಟ್ಟಿಯಾದ ಪ್ರಯೋಗಗಳು ಹೆಚ್ಚಿಲ್ಲ.

ಅಳತೆ ಸಿಕ್ಕಿತು. ಅರ್ಥವೇನು? ಸಾಮಾನ್ಯ ಕೋಶ ಹುದುಗುವಿಕೆಗೆ ಇಳಿಯುವುದು ಉಸಿರು ಸಾಲದಾಗ. ಈ ಕೋಶಕ್ಕೆ ಆಮ್ಲಜನಕ ಇದ್ದೂ ಹುದುಗುವಿಕೆ ಬೇಕಾಗಿದೆ. ಹಾಗಾದರೆ ಅದರ ಉಸಿರಾಟದ ಯಂತ್ರವೇ ಕೆಟ್ಟಿರಬೇಕು ಎಂದು ವಾರ್ಬರ್ಗ್ ತೀರ್ಮಾನಿಸಿದರು. ಯಾವುದೋ ಪೆಟ್ಟಿನಿಂದ ಕೋಶದ ಉಸಿರಾಟ ಸರಿಪಡಿಸಲಾಗದಂತೆ ಹಾಳಾಗುತ್ತದೆ. ಬಹಳಷ್ಟು ಕೋಶಗಳು ಸಾಯುತ್ತವೆ. ಹುದುಗುವಿಕೆಯಿಂದ ಹೊಟ್ಟೆ ಹೊರೆಯಲು ಕಲಿತ ಕೆಲವು ಮಾತ್ರ ಬದುಕಿ ಕ್ಯಾನ್ಸರ್ ಆಗುತ್ತವೆ. ತರ್ಕವಾಗಿ ಇದು ಚೆಂದವಾಗಿದೆ. ಆದರೆ ಇದರಲ್ಲಿ ಅಳೆದದ್ದು ಒಂದು, ಊಹಿಸಿದ್ದು ಒಂದು. ಆಮ್ಲ ಹೆಚ್ಚಿದೆ ಎಂಬುದು ಕಂಡದ್ದು. ಉಸಿರು ಕೆಟ್ಟಿದೆ ಎಂಬುದು ಕಟ್ಟಿದ್ದು. ಅವರದೇ ಅಂಕಿಗಳಲ್ಲಿ ಗಡ್ಡೆಯ ಕೋಶಗಳು ಆಮ್ಲಜನಕವನ್ನೂ ಸೇದುತ್ತಿದ್ದವು. ಕಣ್ಣಿನ ರೆಟಿನಾದಂಥ ಆರೋಗ್ಯವಂತ ಅಂಗಾಂಶ ಕೂಡ ಆಮ್ಲಜನಕದ ನಡುವೆ ಆಮ್ಲ ಸುರಿಯುವುದು ಅವರ ಪ್ರಯೋಗಾಲಯದಲ್ಲೇ ಕಂಡಿತ್ತು.

*

1931ರಲ್ಲಿ ವಾರ್ಬರ್ಗ್ ಅವರಿಗೆ ನೊಬೆಲ್ ಬಂತು. ಅದು ಕ್ಯಾನ್ಸರ್ ಸಂಶೋಧನೆಗೆ ಬಂದದ್ದಲ್ಲ. ಕೋಶವು ಆಮ್ಲಜನಕವನ್ನು ಬಳಸಿಕೊಳ್ಳಲು ನೆರವಾಗುವ, ಕಬ್ಬಿಣ ಹೊಂದಿದ ಕಿಣ್ವದ ಸ್ವರೂಪವನ್ನು ಕಂಡುಹಿಡಿದದ್ದಕ್ಕೆ ಬಂದದ್ದು. ಈ ಮಾತನ್ನು ನೆನಪಿನಲ್ಲಿಡಿ, ಮುಂದೆ ಬೇಕಾಗುತ್ತದೆ. ಅದೇ ವರ್ಷ ಡಾಲೆಮ್‌ನಲ್ಲಿ ರಾಕ್‌ಫೆಲರ್ ಪ್ರತಿಷ್ಠಾನದ ಹಣದಿಂದ ಅವರಿಗಾಗಿಯೇ ಕಟ್ಟಿದ ಕೋಶ ಶರೀರಶಾಸ್ತ್ರ ಸಂಸ್ಥೆ ಶುರುವಾಯಿತು.

ಎರಡು ವರ್ಷ ಕಳೆಯುವುದರೊಳಗೆ ಹಿಟ್ಲರ್ ಅಧಿಕಾರಕ್ಕೆ ಬಂದ. ಯಹೂದಿ ವಿಜ್ಞಾನಿಗಳ ಕೆಲಸ ಹೋಗತೊಡಗಿತು. ವಾರ್ಬರ್ಗ್ ಬಳಿ 1926ರಿಂದ ನಾಲ್ಕು ವರ್ಷ ದುಡಿದಿದ್ದ ಹಾನ್ಸ್ ಕ್ರೆಬ್ಸ್ 1933ರಲ್ಲಿ ಫ್ರೈಬರ್ಗ್‌ನ ಕೆಲಸ ಕಳೆದುಕೊಂಡು ಇಂಗ್ಲೆಂಡಿಗೆ ಹೋದರು. ಗುರುವಿನ ವಿಧಾನಗಳು ಅವರ ಜೊತೆ ಹೋದವು. 1937ರಲ್ಲಿ ಶೆಫೀಲ್ಡ್‌ನಲ್ಲಿ, ಪಾರಿವಾಳದ ಎದೆಯ ಸ್ನಾಯುವನ್ನು ಅದೇ ಬಗೆಯ ಉಪಕರಣದಲ್ಲಿ ಅಳೆಯುತ್ತ, ಕೋಶವು ಆಹಾರವನ್ನು ಸುತ್ತು ಸುತ್ತಾಗಿ ಒಡೆಯುವ ಚಕ್ರವನ್ನು ಅವರು ಗುರುತಿಸಿದರು. ಪಿಯುಸಿ ಜೀವಶಾಸ್ತ್ರ ಓದಿದವರೆಲ್ಲ ಬಾಯಿಪಾಠ ಮಾಡಿದ ಕ್ರೆಬ್ಸ್ ಚಕ್ರ ಅದೇ. 1953ರಲ್ಲಿ ಅದಕ್ಕೆ ನೊಬೆಲ್ ಬಂತು.

ವಾರ್ಬರ್ಗ್ ಮಾತ್ರ ಜರ್ಮನಿ ಬಿಡಲಿಲ್ಲ. ತಂದೆಯ ಕಡೆಯಿಂದ ನಾತ್ಸಿ ಕಾನೂನು ಅವರನ್ನೂ ಅರೆ ಯಹೂದಿ ಎಂದೇ ಎಣಿಸುತ್ತಿತ್ತು. 1941ರಲ್ಲಿ ಅವರನ್ನು ಹುದ್ದೆಯಿಂದ ತೆಗೆದರು. ಕೆಲವೇ ವಾರಗಳಲ್ಲಿ ಹಿಟ್ಲರನ ಕಚೇರಿಯಿಂದ ಆದೇಶ ಬಂದು ಮತ್ತೆ ಒಳಗೆ ಬಂದರು, ಕ್ಯಾನ್ಸರ್ ಕೆಲಸ ಮುಂದುವರಿಸಬೇಕು ಎಂಬ ಷರತ್ತಿನ ಮೇಲೆ. ಹಿಟ್ಲರನ ತಾಯಿ 1907ರಲ್ಲಿ ಸ್ತನ ಕ್ಯಾನ್ಸರ್‌ನಿಂದ ಸತ್ತಿದ್ದರು. ಆ ರೋಗದ ಭಯವೇ ವಾರ್ಬರ್ಗ್ ಅವರನ್ನು ಉಳಿಸಿರಬಹುದು ಎಂದು ಇತಿಹಾಸಕಾರರು ಊಹಿಸುತ್ತಾರೆ. ಕಾರಣ ಏನೇ ಇರಲಿ, ತಾನು ಒಂದು ಕೊಲೆಗಡುಕ ಆಡಳಿತದ ಕೃಪೆಯಲ್ಲಿದ್ದೇನೆ ಎಂಬುದು ಅವರಿಗೆ ತಿಳಿಯದೇ ಇರಲಿಲ್ಲ. 1943ರಲ್ಲಿ ಬರ್ಲಿನ್ ಮೇಲೆ ಬಾಂಬ್ ಬೀಳತೊಡಗಿದಾಗ ಪ್ರಯೋಗಾಲಯ ಲೀಬೆನ್‌ಬರ್ಗ್ ಎಂಬ ಹಳ್ಳಿಯ ಕಡೆಗೆ ಹೋಯಿತು. ಅವರ ಬದುಕಿನ ಈ ಭಾಗವನ್ನು ಹೊಗಳಲೂ ಆಗದು, ಸುಲಭವಾಗಿ ತೂಗಲೂ ಆಗದು. ಇದರಿಂದ ಅವರ ವಿಜ್ಞಾನಕ್ಕಾದ ನಷ್ಟ ಮಾತ್ರ ಗುರುತಿಸುವಂಥದ್ದು. ತಮಗೆ ಸರಿಸಮನಾಗಿ ಎದುರು ಮಾತಾಡಬಲ್ಲವರು ಒಬ್ಬೊಬ್ಬರಾಗಿ ದೇಶ ಬಿಟ್ಟು ಹೋದ ಮೇಲೆ ಅವರು ತಮ್ಮ ಸಿದ್ಧಾಂತದ ಜೊತೆ ಒಬ್ಬರೇ ಉಳಿದರು.

ಯುದ್ಧ ಮುಗಿದ ಮೇಲೆ ಆ ಸಿದ್ಧಾಂತ ಇನ್ನಷ್ಟು ಗಡುಸಾಯಿತು. 1956ರಲ್ಲಿ ಅಮೆರಿಕದ 'ಸೈನ್ಸ್' ಪತ್ರಿಕೆಯಲ್ಲಿ ಕ್ಯಾನ್ಸರ್ ಕೋಶಗಳ ಹುಟ್ಟಿನ ಬಗ್ಗೆ ಅವರ ಲೇಖನ ಬಂತು. ಅದೇ ವರ್ಷ ಅದೇ ಪತ್ರಿಕೆಯಲ್ಲಿ ಸಿಡ್ನಿ ವೈನ್‌ಹೌಸ್ ಉತ್ತರ ಬರೆದರು. ಅಷ್ಟರಲ್ಲಿ ಇಂಗಾಲಕ್ಕೆ ವಿಕಿರಣದ ಗುರುತು ಹಚ್ಚಿ, ಕೋಶದೊಳಗೆ ಅದು ಎಲ್ಲಿಗೆ ಹೋಗುತ್ತದೆ ಎಂದು ಹಿಂಬಾಲಿಸುವ ವಿಧಾನ ಬಂದಿತ್ತು. ಹಾಗೆ ನೋಡಿದರೆ ಗಡ್ಡೆಯ ಕೋಶಗಳು ಚೆನ್ನಾಗಿಯೇ ಉಸಿರಾಡುತ್ತಿವೆ, ಕ್ರೆಬ್ಸ್ ಚಕ್ರವೂ ತಿರುಗುತ್ತಿದೆ, ಉಸಿರಾಟ ಕೆಟ್ಟಿದೆ ಎನ್ನಲು ಆಧಾರವಿಲ್ಲ ಎಂಬುದು ವೈನ್‌ಹೌಸ್ ವಾದ. ವಾರ್ಬರ್ಗ್ ಒಪ್ಪಲಿಲ್ಲ. 1966ರಲ್ಲಿ ಲಿಂಡೌನಲ್ಲಿ ನೊಬೆಲ್ ವಿಜೇತರ ಸಭೆಯ ಮುಂದೆ, ಕ್ಯಾನ್ಸರ್‌ಗೆ ನೆಪಗಳು ಎಷ್ಟಿದ್ದರೂ ಮೂಲ ಕಾರಣ ಒಂದೇ, ಉಸಿರಾಟದ ಜಾಗಕ್ಕೆ ಹುದುಗುವಿಕೆ ಬಂದದ್ದು ಎಂದು ಮತ್ತೆ ಸಾರಿದರು. 1970ರಲ್ಲಿ, 86ನೆಯ ವಯಸ್ಸಿನಲ್ಲಿ, ಅದೇ ನಂಬಿಕೆಯಲ್ಲಿ ತೀರಿಕೊಂಡರು.

ಅಷ್ಟರಲ್ಲಿ ವಿಜ್ಞಾನದ ದಿಕ್ಕೇ ಬೇರೆಯಾಗಿತ್ತು. 1953ರಲ್ಲಿ ಡಿಎನ್‌ಎ ರಚನೆ ಗೊತ್ತಾದ ಮೇಲೆ ಎಲ್ಲರ ಕಣ್ಣು ವಂಶವಾಹಿಗಳ ಮೇಲೆ ನೆಟ್ಟಿತು. 1976ರಲ್ಲಿ ಮೈಕೆಲ್ ಬಿಷಪ್ ಮತ್ತು ಹೆರಾಲ್ಡ್ ವಾರ್ಮಸ್ ಅವರ ಗುಂಪು, ಗಡ್ಡೆ ಹುಟ್ಟಿಸುವ ವೈರಸ್ಸಿನ ವಂಶವಾಹಿ ಮೂಲದಲ್ಲಿ ನಮ್ಮಂಥ ಪ್ರಾಣಿಗಳ ಆರೋಗ್ಯವಂತ ಕೋಶದಿಂದಲೇ ಹೋದದ್ದು ಎಂದು ತೋರಿಸಿತು. ಕ್ಯಾನ್ಸರ್ ಎಂದರೆ ಕೆಟ್ಟ ವಂಶವಾಹಿ ಎಂಬುದು ಹೊಸ ತಿಳಿವಳಿಕೆಯಾಯಿತು. ಕೋಶ ಏನು ತಿನ್ನುತ್ತದೆ, ಏನು ಉಗುಳುತ್ತದೆ ಎಂದು ಕೇಳುವುದು ಹಳೆಯ ಕಾಲದ ಕೆಲಸವಾಗಿಬಿಟ್ಟಿತು. ತಪ್ಪು ವಿವರಣೆಯ ಜೊತೆ ಸರಿಯಾದ ಅಳತೆಯನ್ನೂ ಅಟ್ಟಕ್ಕೆ ಹಾಕಿದರು.

*

ಆದರೆ ಕೋಶದ ಚಯಾಪಚಯವನ್ನು ಹಿಡಿದು ಕ್ಯಾನ್ಸರನ್ನು ಎದುರಿಸುವ ಕೆಲಸ ಬೇರೊಂದು ದಾರಿಯಲ್ಲಿ, ವಾರ್ಬರ್ಗ್ ಸಿದ್ಧಾಂತದ ಹಂಗಿಲ್ಲದೆ ನಡೆದಿತ್ತು. ಅದರಲ್ಲಿ ಭಾರತೀಯರೊಬ್ಬರ ಕೈ ದೊಡ್ಡದು. ಆಂಧ್ರದ ಭೀಮಾವರಂನಲ್ಲಿ 1895ರಲ್ಲಿ ಹುಟ್ಟಿದ ಯಲ್ಲಾಪ್ರಗಡ ಸುಬ್ಬರಾವ್ ಮದರಾಸಿನಲ್ಲಿ ವೈದ್ಯಕೀಯ ಓದಿ ಅಮೆರಿಕದ ಹಾರ್ವರ್ಡ್‌ಗೆ ಹೋದವರು. ಅಲ್ಲಿ ಸೈರಸ್ ಫಿಸ್ಕ್ ಜೊತೆ 1925ರಲ್ಲಿ ರಂಜಕವನ್ನು ಅಳೆಯುವ ವಿಧಾನ ರೂಪಿಸಿದರು. 1929ರಲ್ಲಿ ಅವರಿಬ್ಬರು ಸ್ನಾಯುವಿನಿಂದ ಎಟಿಪಿಯನ್ನು ಬೇರ್ಪಡಿಸಿದರು. ಅದೇ ವರ್ಷ ಜರ್ಮನಿಯ ಕಾರ್ಲ್ ಲೋಮನ್ ಕೂಡ ಅದನ್ನೇ ಕಂಡುಹಿಡಿದಿದ್ದರು. ಈ ಲೇಖನದ ಆರಂಭದಲ್ಲಿ ಶಕ್ತಿಯ ನಾಣ್ಯ ಎಂದದ್ದು ಈ ಎಟಿಪಿಯನ್ನೇ.

ಮುಂದೆ ಸುಬ್ಬರಾವ್ ಲೆಡರ್ಲೆ ಎಂಬ ಔಷಧ ಕಂಪನಿಯ ಸಂಶೋಧನೆಯ ಮುಖ್ಯಸ್ಥರಾದರು. ಅವರ ತಂಡ ಫೋಲಿಕ್ ಆಮ್ಲವನ್ನು ತಯಾರಿಸಿತು, ಅದರ ಜೊತೆಗೆ ಅದನ್ನು ಹೋಲುವ, ಆದರೆ ಅದರ ಕೆಲಸಕ್ಕೆ ಅಡ್ಡ ಬರುವ ಅಣುಗಳನ್ನೂ ತಯಾರಿಸಿತು. ಫೋಲಿಕ್ ಆಮ್ಲ ಕೋಶಕ್ಕೆ ಬೇಕಾಗುವುದು ಉರಿಸಲಿಕ್ಕಲ್ಲ, ಡಿಎನ್‌ಎಯ ಬಿಡಿಭಾಗಗಳನ್ನು ಕಟ್ಟಲಿಕ್ಕೆ. ಹೊಸ ಕೋಶ ಹುಟ್ಟಬೇಕಾದರೆ ಹೊಸ ಡಿಎನ್‌ಎ ಬೇಕು. ಅಮಿನಾಪ್ಟೆರಿನ್ ಎಂಬ ಅಡ್ಡಗಾಲಿನ ಅಣುವನ್ನು ಬೋಸ್ಟನ್ನಿನ ಸಿಡ್ನಿ ಫಾರ್ಬರ್ ರಕ್ತ ಕ್ಯಾನ್ಸರ್ ಇದ್ದ ಮಕ್ಕಳಿಗೆ ಕೊಟ್ಟರು. 16 ಮಕ್ಕಳಲ್ಲಿ 10 ಮಂದಿಯಲ್ಲಿ ರೋಗ ತಾತ್ಕಾಲಿಕವಾಗಿ ಹಿಂದೆ ಸರಿಯಿತು ಎಂದು 1948ರಲ್ಲಿ ವರದಿ ಮಾಡಿದರು. ಅಲ್ಲಿಯವರೆಗೆ ಆ ರೋಗ ಬಂದ ಮಗುವಿಗೆ ವೈದ್ಯರ ಬಳಿ ಕೊಡಲು ಏನೂ ಇರಲಿಲ್ಲ. ಅದೇ ವರ್ಷ ಸುಬ್ಬರಾವ್ ತೀರಿಕೊಂಡರು. ಆ ಅಣುವಿನ ತಮ್ಮನಂತಿರುವ ಮೆಥೊಟ್ರೆಕ್ಸೇಟ್ ಇಂದಿಗೂ ನಮ್ಮ ಆಸ್ಪತ್ರೆಗಳಲ್ಲಿ ದಿನನಿತ್ಯ ಬಳಕೆಯಲ್ಲಿದೆ.

ಇಲ್ಲಿ ಒಂದು ಸುಳಿವಿತ್ತು. ಬೆಳೆಯುವ ಕೋಶದ ದೊಡ್ಡ ಕಷ್ಟ ಇಂಧನದ್ದಲ್ಲ, ಸಾಮಗ್ರಿಯದು ಎಂಬ ಸುಳಿವು. 1955ರಲ್ಲಿ ಹ್ಯಾರಿ ಈಗಲ್ ಗಾಜಿನ ತಟ್ಟೆಯಲ್ಲಿ ಕ್ಯಾನ್ಸರ್ ಕೋಶಗಳನ್ನು ಸಾಕಲು ಏನೇನು ಬೇಕು ಎಂದು ಪಟ್ಟಿ ಮಾಡಿದಾಗ, ಗ್ಲುಟಮಿನ್ ಎಂಬ ಸಾರಜನಕ ಹೊತ್ತ ಅಣು ಬೇರೆ ಅಮೈನೋ ಆಮ್ಲಗಳಿಗಿಂತ ಎಷ್ಟೋ ಹೆಚ್ಚು ಬೇಕಾಯಿತು. ಅದೂ ಇಂಥದೇ ಸುಳಿವು. ಆದರೆ ಈ ಚೂರುಗಳನ್ನು ವಾರ್ಬರ್ಗ್ ಅಳತೆಯ ಪಕ್ಕದಲ್ಲಿಟ್ಟು ನೋಡುವವರು ಬರಲು ಇನ್ನೂ ಅರ್ಧ ಶತಮಾನ ಬೇಕಾಯಿತು.

ನಡುವೆ ಒಂದು ಕಹಿ ಪ್ರಸಂಗವೂ ನಡೆಯಿತು. ಗಡ್ಡೆಯ ಈ ಗುಣಕ್ಕೆ 1972ರಲ್ಲಿ 'ವಾರ್ಬರ್ಗ್ ಪರಿಣಾಮ' ಎಂದು ಹೆಸರಿಟ್ಟವರು ಕಾರ್ನೆಲ್ ವಿಶ್ವವಿದ್ಯಾಲಯದ ಎಫ್ರಾಯಿಮ್ ರ‍್ಯಾಕರ್. 1980ರ ಹೊತ್ತಿಗೆ ಅವರ ಬಳಿ ಬಂದ ಪಿಎಚ್.ಡಿ. ವಿದ್ಯಾರ್ಥಿಯೊಬ್ಬ, ಕ್ಯಾನ್ಸರ್ ವಂಶವಾಹಿಯಿಂದ ಹಿಡಿದು ಹುದುಗುವಿಕೆಯವರೆಗೆ ಒಂದೂ ಕೊಂಡಿ ತಪ್ಪದ ಸರಪಳಿಯನ್ನು ತೋರಿಸಿಕೊಟ್ಟ. ಎರಡು ಕಾಲದ ವಿಜ್ಞಾನ ಒಂದಾಯಿತೆಂದು ಎಲ್ಲರೂ ಸಂಭ್ರಮಿಸಿದರು. 1981ರಲ್ಲಿ ಆ ಫಲಿತಾಂಶಗಳು ಕೃತಕ ಎಂದು ಬಯಲಾಯಿತು. ವಿಕಿರಣದ ರಂಜಕ ಇರಬೇಕಾದ ಕಡೆ ವಿಕಿರಣದ ಅಯೋಡಿನ್ ಇತ್ತು. ರ‍್ಯಾಕರ್ ಕೆಲಸವನ್ನು ಬಹಿರಂಗವಾಗಿ ಹಿಂತೆಗೆದುಕೊಂಡರು. ಥೀಸಿಸ್ ಬರೆಯುವ ನಾವೆಲ್ಲ ಈ ಪ್ರಸಂಗವನ್ನು ಓದಬೇಕು. ಎಲ್ಲರೂ ಕೇಳಲು ಕಾಯುತ್ತಿರುವ ಕಥೆಯನ್ನು ಹೇಳುವಾಗ ಯಾರೂ ಸಾಕ್ಷಿ ಕೇಳುವುದಿಲ್ಲ.

ಅಳತೆಯನ್ನು ಅಟ್ಟದಿಂದ ಇಳಿಸಿದ್ದು ಸಿದ್ಧಾಂತವಲ್ಲ, ಆಸ್ಪತ್ರೆಯ ಒಂದು ಯಂತ್ರ. ಗ್ಲೂಕೋಸ್‌ಗೆ ವಿಕಿರಣದ ಫ್ಲೋರಿನ್ ಅಂಟಿಸಿದ ಎಫ್‌ಡಿಜಿ ಎಂಬ ಅಣುವನ್ನು 1976ರಲ್ಲಿ ಪೆನ್ಸಿಲ್ವೇನಿಯಾದಲ್ಲಿ ಮೊದಲ ಬಾರಿ ಮನುಷ್ಯರಿಗೆ ಕೊಟ್ಟರು. ಕೋಶ ಅದನ್ನು ಸಕ್ಕರೆಯೆಂದೇ ಒಳಗೆ ಬಿಟ್ಟುಕೊಂಡು ಮೊದಲ ಹೆಜ್ಜೆಯನ್ನೂ ಇಡುತ್ತದೆ, ಆದರೆ ಮುಂದೆ ಒಡೆಯಲಾಗದೆ ಅದು ಒಳಗೇ ಸಿಕ್ಕಿಕೊಳ್ಳುತ್ತದೆ. ಹೆಚ್ಚು ಸಕ್ಕರೆ ಎಳೆಯುವ ಜಾಗ ಪೆಟ್ ಸ್ಕ್ಯಾನ್ ಚಿತ್ರದಲ್ಲಿ ಬೆಳಗುತ್ತದೆ. ಮಿದುಳು ಬೆಳಗುತ್ತದೆ, ಅದು ಮೊದಲಿಂದಲೂ ಸಕ್ಕರೆಪ್ರಿಯ. ಹಲವು ಬಗೆಯ ಗಡ್ಡೆಗಳೂ ಬೆಳಗುತ್ತವೆ. ಬೆಂಗಳೂರಿನಲ್ಲೋ ಮಂಗಳೂರಿನಲ್ಲೋ ಕ್ಯಾನ್ಸರ್ ರೋಗಿಯೊಬ್ಬರು ಪೆಟ್ ಸ್ಕ್ಯಾನ್ ಮಾಡಿಸಿಕೊಂಡಾಗ ಯಂತ್ರ ಅಳೆಯುವುದು, ಮೂಲದಲ್ಲಿ, 1920ರ ದಶಕದಲ್ಲಿ ಡಾಲೆಮ್‌ನ ಗಾಜಿನ ಪಾತ್ರೆ ಅಳೆದದ್ದನ್ನೇ.

*

ಹಾಗಾದರೆ ಸರಿಯಾದ ವಿವರಣೆ ಏನು? ಒಂದು ಮರ ಕಡಿದಿದ್ದೀರಿ ಎಂದುಕೊಳ್ಳಿ. ಅದನ್ನು ಸೌದೆ ಮಾಡಿ ಒಲೆಗೆ ಹಾಕಬಹುದು. ಇಲ್ಲವೇ ತೊಲೆ, ಜಂತಿ ಮಾಡಿ ಮನೆ ಕಟ್ಟಬಹುದು. ಒಂದೇ ತುಂಡನ್ನು ಉರಿಸಿಯೂ ಕಟ್ಟಿಯೂ ಆಗುವುದಿಲ್ಲ. ಗ್ಲೂಕೋಸ್ ಕೂಡ ಹಾಗೆಯೇ. ಪೂರ್ತಿ ಉರಿಸಿದರೆ ಶಕ್ತಿ ಹೇರಳ, ಆದರೆ ಇಂಗಾಲವೆಲ್ಲ ಡೈಆಕ್ಸೈಡ್ ಆಗಿ ಉಸಿರಿನಲ್ಲಿ ಹೋಗುತ್ತದೆ. ಒಂದು ಕೋಶ ಎರಡಾಗಬೇಕಾದರೆ ಅದರ ಪೊರೆಯ ಕೊಬ್ಬು, ಪ್ರೋಟೀನು, ಡಿಎನ್‌ಎ ಎಲ್ಲವೂ ಇಮ್ಮಡಿಯಾಗಬೇಕು. ಅದಕ್ಕೆ ಇಂಗಾಲದ ತುಂಡುಗಳು ಕೈಯಲ್ಲಿ ಉಳಿಯಬೇಕು. ಸಕ್ಕರೆಯನ್ನು ಅತಿ ವೇಗವಾಗಿ ಹರಿಸಿ, ದಾರಿಯ ನಡುನಡುವೆ ಕಾಲುವೆ ತೋಡಿ ಬೇಕಾದಷ್ಟನ್ನು ಕಟ್ಟಡದ ಕಡೆಗೆ ತಿರುಗಿಸಿಕೊಂಡು, ಮಿಕ್ಕಿದ್ದನ್ನು ಲ್ಯಾಕ್ಟಿಕ್ ಆಮ್ಲವಾಗಿ ಹೊರಗೆ ಚೆಲ್ಲುವುದು ಬೆಳೆಯುವ ಕೋಶದ ಉಪಾಯ. ಉಸಿರಾಟವೂ ನಿಲ್ಲುವುದಿಲ್ಲ, ಅದರ ಪಾಡಿಗೆ ಅದು ನಡೆಯುತ್ತದೆ. ಸೋಂಕು ತಗುಲಿದಾಗ ನಮ್ಮದೇ ರಕ್ಷಣಾ ಕೋಶಗಳು ಬೇಗಬೇಗ ಹೆಚ್ಚುವುದೂ ಇದೇ ಉಪಾಯದಿಂದ. ಕ್ಯಾನ್ಸರ್ ಕೋಶ ಮಾಡುವುದು ಇಷ್ಟೇ: ಬೆಳವಣಿಗೆಯ ಕಾಲಕ್ಕೆಂದು ಮೈಯಲ್ಲಿರುವ ಹಳೆಯ ಕ್ರಮವನ್ನು ನಿಲ್ಲಿಸಲು ಬಾರದಂತೆ ಚಾಲೂ ಇಟ್ಟುಕೊಳ್ಳುತ್ತದೆ.

ಈ ಅರ್ಥ ಹಂತ ಹಂತವಾಗಿ ತೆರೆದುಕೊಂಡಿತು. ಮಿಕ್ ಎಂಬ ಕ್ಯಾನ್ಸರ್ ವಂಶವಾಹಿ ಲ್ಯಾಕ್ಟಿಕ್ ಆಮ್ಲ ತಯಾರಿಸುವ ಕಿಣ್ವವನ್ನು ನೇರವಾಗಿ ಹೆಚ್ಚಿಸುತ್ತದೆ ಎಂದು 1997ರಲ್ಲಿ ಚಿ ಡ್ಯಾಂಗ್ ಅವರ ಗುಂಪು ತೋರಿಸಿತು. ವಂಶವಾಹಿಯ ವಿಜ್ಞಾನ ಮತ್ತು ಸಕ್ಕರೆಯ ವಿಜ್ಞಾನ ಈ ಸಲ ನಿಜವಾಗಿಯೂ ಕೈಕುಲುಕಿದವು. 2009ರಲ್ಲಿ ಮ್ಯಾಥ್ಯೂ ವ್ಯಾಂಡರ್ ಹೈಡನ್, ಲೂಯಿಸ್ ಕ್ಯಾಂಟ್ಲಿ, ಕ್ರೇಗ್ ಥಾಂಪ್ಸನ್ 'ಸೈನ್ಸ್' ಪತ್ರಿಕೆಯಲ್ಲಿ ಬೆಳೆಯುವ ಕೋಶದ ಸಾಮಗ್ರಿಯ ಲೆಕ್ಕವನ್ನು ಮುಂದಿಟ್ಟರು. ಕ್ಯಾನ್ಸರ್‌ನ ಮುಖ್ಯ ಲಕ್ಷಣಗಳು ಆರು ಎಂದು 2000ದಲ್ಲಿ ಪಟ್ಟಿ ಮಾಡಿದ್ದ ಡಗ್ಲಸ್ ಹನಹಾನ್ ಮತ್ತು ರಾಬರ್ಟ್ ವೈನ್‌ಬರ್ಗ್ 2011ರಲ್ಲಿ ಆ ಪಟ್ಟಿಯನ್ನು ಹಿಗ್ಗಿಸಿ ಬದಲಾದ ಚಯಾಪಚಯಕ್ಕೂ ಜಾಗ ಕೊಟ್ಟರು. ಚರ್ಚೆ ಮುಗಿದಿಲ್ಲ. ಎಳೆದ ಸಕ್ಕರೆಯಲ್ಲಿ ಬಹುಪಾಲನ್ನು ಚೆಲ್ಲುವುದೇಕೆ ಎಂಬ ಪ್ರಶ್ನೆಗೆ ಇಂದಿಗೂ ಒಂದಕ್ಕಿಂತ ಹೆಚ್ಚು ಉತ್ತರಗಳಿವೆ.

ವಾರ್ಬರ್ಗ್ ಪೂರ್ತಿ ತಪ್ಪು ಎಂದೂ ಹೇಳುವಂತಿಲ್ಲ. ಕ್ರೆಬ್ಸ್ ಚಕ್ರದ ಒಂದು ಕಿಣ್ವ ಹುಟ್ಟಿನಿಂದಲೇ ಕೆಟ್ಟಿದ್ದರೆ ಕೆಲವು ಅಪರೂಪದ ಗಡ್ಡೆಗಳು ಬರುತ್ತವೆ ಎಂದು 2000ದಲ್ಲಿ ಗೊತ್ತಾಯಿತು. ಐಡಿಎಚ್ ಎಂಬ ಇನ್ನೊಂದು ಕಿಣ್ವದ ವಂಶವಾಹಿಯಲ್ಲಿ ಬದಲಾವಣೆ ಇರುವುದು 2008ರಲ್ಲಿ ಮಿದುಳಿನ ಗಡ್ಡೆಗಳಲ್ಲಿ ಕಂಡಿತು. ಹಾಗೆ ಬದಲಾದ ಕಿಣ್ವ ಇರಬಾರದ ಒಂದು ಆಮ್ಲವನ್ನು ತಯಾರಿಸಿ ಕೋಶವನ್ನು ಬಲಿಯದಂತೆ ತಡೆಯುತ್ತದೆ. ಅದನ್ನು ತಡೆಹಿಡಿಯುವ ಮಾತ್ರೆಗಳಿಗೆ 2017 ಮತ್ತು 2018ರಲ್ಲಿ ಅಮೆರಿಕದಲ್ಲಿ ಒಂದು ಬಗೆಯ ರಕ್ತ ಕ್ಯಾನ್ಸರ್‌ಗಾಗಿ ಅನುಮತಿ ಸಿಕ್ಕಿತು. ಎಲ್ಲ ಕ್ಯಾನ್ಸರ್‌ಗೂ ಒಂದೇ ಮೂಲ ಎಂಬ ಅವರ ಮಾತು ಬಿದ್ದುಹೋಯಿತು. ಕೆಲವು ಕ್ಯಾನ್ಸರ್‌ಗಳ ಮೂಲ ಅಲ್ಲೇ ಇದೆ ಎಂಬುದು ಉಳಿಯಿತು.

*

ಇಷ್ಟೆಲ್ಲ ಆದ ಮೇಲೂ ವಾರ್ಬರ್ಗ್ ಹೆಸರು ಕನ್ನಡದ ಮನೆಗಳಿಗೆ ಬರುವುದು ಬೇರೆ ವೇಷದಲ್ಲಿ. ವಾಟ್ಸಾಪ್‌ನಲ್ಲಿ ಮತ್ತೆ ಮತ್ತೆ ತೇಲಿ ಬರುವ ಸಂದೇಶದ ಪ್ರಕಾರ, 1931ರಲ್ಲಿ ಒಬ್ಬ ವಿಜ್ಞಾನಿ ಕ್ಯಾನ್ಸರ್‌ಗೆ ಕಾರಣ ಕಂಡುಹಿಡಿದು ನೊಬೆಲ್ ಪಡೆದ. ಮೈ ಆಮ್ಲೀಯವಾದರೆ ಕ್ಯಾನ್ಸರ್ ಬರುತ್ತದೆ. ಕ್ಷಾರದ ನೀರು ಕುಡಿದು ಸಕ್ಕರೆ, ಅನ್ನ ಬಿಟ್ಟರೆ ಗಡ್ಡೆ ಹಸಿದು ಸಾಯುತ್ತದೆ. ಆಸ್ಪತ್ರೆಯವರು ಇದನ್ನು ಮುಚ್ಚಿಡುತ್ತಾರೆ. ನೊಬೆಲ್ ಯಾವುದಕ್ಕೆ ಬಂತೆಂದು ಮೇಲೆ ನೋಡಿದೆವು. ಗಡ್ಡೆಯ ಸುತ್ತ ಆಮ್ಲ ಇರುವುದು ನಿಜ, ಆದರೆ ಅದನ್ನು ಸುರಿದದ್ದು ಗಡ್ಡೆ. ಅದು ರೋಗದ ಫಲ, ಮೂಲವಲ್ಲ. ನಾವು ಏನೇ ತಿಂದು ಕುಡಿದರೂ ಶ್ವಾಸಕೋಶ ಮತ್ತು ಮೂತ್ರಪಿಂಡಗಳು ರಕ್ತದ ಪಿಎಚ್ ಅನ್ನು 7.35ರಿಂದ 7.45ರ ನಡುವೆ ಹಿಡಿದಿಡುತ್ತವೆ. ಕ್ಷಾರದ ನೀರು ಹೊಟ್ಟೆಯ ಆಮ್ಲ ದಾಟಿ ಗಡ್ಡೆಯವರೆಗೆ ಹೋಗಿ ಏನನ್ನೂ ಮಾಡುವುದಿಲ್ಲ.

ಸಕ್ಕರೆ ಬಿಡುವ ಮಾತು ಇನ್ನೂ ಸೂಕ್ಷ್ಮವಾದದ್ದು, ಏಕೆಂದರೆ ಅದು ಅರ್ಧ ಸತ್ಯದ ಮೇಲೆ ನಿಂತಿದೆ. ಪೆಟ್ ಸ್ಕ್ಯಾನ್‌ಗೆ ಮುಂಚೆ ಕೆಲವು ಗಂಟೆ ಉಪವಾಸ ಇರಿ ಎಂದು ಹೇಳುವುದನ್ನೇ ಜನ ಇದಕ್ಕೆ ಪುರಾವೆ ಮಾಡಿಕೊಳ್ಳುತ್ತಾರೆ. ಆ ಉಪವಾಸ ಚಿತ್ರ ಸ್ಪಷ್ಟವಾಗಿ ಬರಲೆಂದು. ಊಟ ಮಾಡಿದರೆ ಇನ್ಸುಲಿನ್ ಏರಿ ಎಫ್‌ಡಿಜಿ ಸ್ನಾಯುಗಳಿಗೆ ನುಗ್ಗಿಬಿಡುತ್ತದೆ. ಊಟ ಬಿಟ್ಟಮಾತ್ರಕ್ಕೆ ರಕ್ತದಲ್ಲಿ ಗ್ಲೂಕೋಸ್ ಇಲ್ಲವಾಗುವುದಿಲ್ಲ. ಯಕೃತ್ತು ಸಂಗ್ರಹದಿಂದ ಬಿಡುತ್ತದೆ, ಅದು ಮುಗಿದರೆ ಸ್ನಾಯುವಿನ ಪ್ರೋಟೀನನ್ನು ಒಡೆದು ತಯಾರಿಸುತ್ತದೆ. ಗಡ್ಡೆಗೆ ಬೇಕಾದದ್ದು ಸಿಗುತ್ತಲೇ ಇರುತ್ತದೆ, ಸೊರಗುವುದು ರೋಗಿ. ಕ್ಯಾನ್ಸರ್ ತಾನಾಗಿಯೇ ಮೈ ಕರಗಿಸುವ ಕಾಯಿಲೆ. ತೂಕ ಇಳಿದವರಿಗೆ ಕಿಮೊಥೆರಪಿ ತಾಳಿಕೊಳ್ಳುವುದು ಕಷ್ಟ. ಆಹಾರ ಮತ್ತು ಗಡ್ಡೆಯ ಸಂಬಂಧದ ಬಗ್ಗೆ ಗಂಭೀರ ಸಂಶೋಧನೆ ನಡೆಯುತ್ತಿದೆ, ಆದರೆ ಅದು ಚಿಕಿತ್ಸೆಯ ಜೊತೆಗೆ, ವೈದ್ಯರ ಕಣ್ಣಳತೆಯಲ್ಲಿ ನಡೆಯುವ ಕೆಲಸ. ಮನೆಯವರು ಪ್ರೀತಿಯಿಂದಲೇ ಅನ್ನದ ತಟ್ಟೆ ಎತ್ತಿಟ್ಟು, ನಾಲ್ಕು ಸುತ್ತಿನ ಔಷಧದ ಬದಲು ಕ್ಷಾರದ ನೀರಿನ ಕ್ಯಾನ್ ತಂದಿಡುವುದು ಅದಲ್ಲ.

ಆ ಸಂದೇಶ ಬರೆದವರು ವಿಜ್ಞಾನವನ್ನು ಅಲ್ಲಗಳೆಯುತ್ತಿಲ್ಲ ಎಂಬುದನ್ನು ಗಮನಿಸಬೇಕು. ಅವರು ವಿಜ್ಞಾನದ ಹೆಸರನ್ನೇ ಹೇಳುತ್ತಿದ್ದಾರೆ, ನೊಬೆಲ್ ವಿಜೇತರನ್ನೇ ಉಲ್ಲೇಖಿಸುತ್ತಿದ್ದಾರೆ. ಅವರ ಕೈಗೆ ಸಿಕ್ಕಿರುವುದು ವಾರ್ಬರ್ಗ್ ಮಾಡಿದ ಅಳತೆಯಲ್ಲ, ವಾರ್ಬರ್ಗ್ ಮೇಲಿನ ಭಕ್ತಿ. ವೈನ್‌ಹೌಸ್ ಬರೆದ ಉತ್ತರ, ಸುಬ್ಬರಾವ್ ತಂಡದ ಅಣು, ಕೋರಿ ದಂಪತಿಯ ಕೋಳಿ ಯಾವುದೂ ಆ ಸಂದೇಶದಲ್ಲಿ ಇಲ್ಲ. ಒಬ್ಬ ವಿಜ್ಞಾನಿಯ ಮಾತನ್ನು ಅವನ ಕಾಲದವರು ಪ್ರಶ್ನಿಸಿದ್ದನ್ನು ಬಿಟ್ಟು ಹೇಳಿದರೆ ಯಾವ ವಿಜ್ಞಾನವೂ ಪವಾಡದ ಕಥೆಯಂತೆ ಕೇಳುತ್ತದೆ. ಅದಕ್ಕೇ ಇಂಥ ಇತಿಹಾಸವನ್ನು ಕನ್ನಡದಲ್ಲಿ, ಜಗಳ ಸಮೇತ ಬರೆದಿಡಬೇಕು ಅನ್ನಿಸುತ್ತದೆ. ಮುಂದಿನ ಸಲ ಆ ಸಂದೇಶ ಬಂದಾಗ ಮನೆಯಲ್ಲಿ ಯಾರಾದರೂ ಒಬ್ಬರು, ವಾರ್ಬರ್ಗ್ ಅಳೆದದ್ದೇನು, ಊಹಿಸಿದ್ದೇನು ಎಂದು ಕೇಳುವಂತಾದರೆ, ರೋಗಿಯ ತಟ್ಟೆಗೆ ಇನ್ನೊಂದು ತುತ್ತು ಮೊಸರನ್ನ ಬೀಳುತ್ತದೆ.